ಎರಡೆರಡೇ ಗೋಲಿನ ಚಾಂಪಿಯನ್ನರು: 2024ರ ಡೆನ್ವರ್ ತಂಡ ನಿಜಕ್ಕೂ ಎಷ್ಟು ಚೆನ್ನಾಗಿ ಆಡಿತು?

2023-24ರ ಸೀಸನ್ನಿನಲ್ಲಿ ಅಮೆರಿಕದ ಕಾಲೇಜು ಐಸ್ ಹಾಕಿಯಲ್ಲಿ ಗೋಲಿನ ಸುರಿಮಳೆ ಸುರಿಸಿದ ತಂಡ ಯಾವುದೆಂದರೆ ಡೆನ್ವರ್ ವಿಶ್ವವಿದ್ಯಾಲಯದ ಪಯೋನಿಯರ್ಸ್. ಪಂದ್ಯಕ್ಕೆ ಸರಾಸರಿ ನಾಲ್ಕೂವರೆಗೂ ಹೆಚ್ಚು ಗೋಲು. ಅದೇ ತಂಡ ಮಾರ್ಚ್ ಕೊನೆಯಿಂದ ಏಪ್ರಿಲ್ 13ರ ತನಕ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಟೂರ್ನಿಯಲ್ಲಿ ನಾಲ್ಕು ಪಂದ್ಯ ಆಡಿತು. ನಾಲ್ಕರಲ್ಲೂ ಹೊಡೆದದ್ದು ಎರಡೆರಡೇ ಗೋಲು. ಮ್ಯಾಸಚೂಸೆಟ್ಸ್ ವಿರುದ್ಧ 2-1, ಕಾರ್ನೆಲ್ ವಿರುದ್ಧ 2-1, ಸೆಮಿಫೈನಲ್‌ನಲ್ಲಿ ಬೋಸ್ಟನ್ ಯೂನಿವರ್ಸಿಟಿ ವಿರುದ್ಧ 2-1, ಫೈನಲ್‌ನಲ್ಲಿ ಬೋಸ್ಟನ್ ಕಾಲೇಜ್ ವಿರುದ್ಧ 2-0. ಇವುಗಳಲ್ಲಿ ಎರಡು ಪಂದ್ಯ ಹೆಚ್ಚುವರಿ ಅವಧಿಗೆ ಹೋದವು. ಒಟ್ಟು ಬಿಟ್ಟುಕೊಟ್ಟ ಗೋಲು ಮೂರು. ಹತ್ತನೇ ರಾಷ್ಟ್ರೀಯ ಪ್ರಶಸ್ತಿ, ಮಿಷಿಗನ್‌ನ ಒಂಬತ್ತನ್ನು ದಾಟಿ ದಾಖಲೆ.

ಈ ಗೆಲುವಿನ ಬಗ್ಗೆ ಅಭಿಮಾನಿಗಳಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. ಗೋಲ್‌ಕೀಪರ್ ಮ್ಯಾಟ್ ಡೇವಿಸ್ ಒಬ್ಬನೇ ಗೆಲ್ಲಿಸಿಕೊಟ್ಟ ಅನ್ನುವುದು ಒಂದು. ಕೋಚ್ ಡೇವಿಡ್ ಕಾರ್ಲ್ ಎಲ್ಲವನ್ನೂ ಮೊದಲೇ ಲೆಕ್ಕಹಾಕಿ ಆಡಿಸಿದರು ಅನ್ನುವುದು ಇನ್ನೊಂದು. ಎರಡೂ ಅರ್ಧ ನಿಜ. ಹೊಡೆಯುವುದರಲ್ಲಿ ಪಳಗಿದ್ದ ತಂಡವೊಂದು ತಡೆಯುವುದನ್ನು ಕಲಿತು ಗೆದ್ದಿತು, ಆದರೆ ಆ ಕಲಿಕೆಯಲ್ಲಿ ಒಂದು ದೊಡ್ಡ ಪಾಠ ಬಾಕಿ ಉಳಿದಿತ್ತು ಎನ್ನುವುದು ನನ್ನ ಅಭಿಪ್ರಾಯ. ಫೈನಲ್‌ನ ಕೊನೆಯ ಇಪ್ಪತ್ತು ನಿಮಿಷದಲ್ಲಿ ಕಲಿತದ್ದೂ ಕಾಣುತ್ತದೆ, ಬಾಕಿ ಇದ್ದದ್ದೂ ಕಾಣುತ್ತದೆ.

ಇದು ಅರ್ಥವಾಗಬೇಕಾದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು. 2022ರಲ್ಲಿ ಡೆನ್ವರ್ ಚಾಂಪಿಯನ್. ಐಸ್ ಹಾಕಿ ಪಂದ್ಯ ಎಂದರೆ ಇಪ್ಪತ್ತು ನಿಮಿಷದ ಮೂರು ಅವಧಿ. ಆ ಫೈನಲ್‌ನಲ್ಲಿ ಮಿನೆಸೋಟ ಸ್ಟೇಟ್ ಎರಡು ಅವಧಿ ಪೂರ್ತಿ ಡೆನ್ವರ್‌ನ ಕೈಕಟ್ಟಿ ಹಾಕಿತ್ತು. ಮೂರನೇ ಅವಧಿಯಲ್ಲಿ ಡೆನ್ವರ್ ಐದು ಗೋಲು ಹೊಡೆದು 5-1ರಿಂದ ಗೆದ್ದಿತು. ಅಂಥ ಗೆಲುವು ತಂಡಕ್ಕೆ ಒಂದು ಕೆಟ್ಟ ನಂಬಿಕೆಯನ್ನೂ ಕೊಟ್ಟುಬಿಡುತ್ತದೆ: ಎಷ್ಟೇ ಬಿಗಿ ಮಾಡಲಿ, ಕೊನೆಗೆ ನಮ್ಮ ಗೋಲು ಬಂದೇ ಬರುತ್ತದೆ ಎಂಬ ನಂಬಿಕೆ. ಮುಂದಿನ ವರ್ಷ, 2023ರ ಮಾರ್ಚ್‌ನಲ್ಲಿ, ಟೂರ್ನಿಯ ಮೊದಲ ಪಂದ್ಯದಲ್ಲೇ ಕಾರ್ನೆಲ್ ವಿರುದ್ಧ 2-0 ಸೋಲು. ಮೂವತ್ತು ಪಂದ್ಯ ಗೆದ್ದು ಬಂದ ತಂಡ ಒಂದೂ ಗೋಲು ಹೊಡೆಯದೆ ಮನೆಗೆ ಹೋಯಿತು.

ಕಾರ್ನೆಲ್ ಅಂದು ಮಾಡಿದ್ದು ಮಾಯಾಜಾಲವೇನಲ್ಲ. ಡೆನ್ವರ್‌ನ ಆಟ ವೇಗದ ಮೇಲೆ ನಿಂತದ್ದು. ಡಿಫೆನ್ಸ್‌ಮನ್ ಪಕ್ (ರಬ್ಬರಿನ ಚಪ್ಪಟೆ ಬಿಲ್ಲೆ) ಹಿಡಿದು ತಲೆಯೆತ್ತುವಷ್ಟರಲ್ಲಿ ಮೂವರು ಫಾರ್ವರ್ಡ್‌ಗಳು ಮಧ್ಯ ವಲಯದಲ್ಲಿ ಓಟ ಹಿಡಿದಿರುತ್ತಾರೆ, ನಾಲ್ಕನೆಯವನಾಗಿ ಡಿಫೆನ್ಸ್‌ಮನ್ನೇ ಸೇರಿಕೊಳ್ಳುತ್ತಾನೆ. ಎದುರಾಳಿಯ ಬ್ಲೂ ಲೈನನ್ನು (ಅವರ ವಲಯದ ಗಡಿರೇಖೆ) ಪಕ್ ಕೋಲಿನಲ್ಲಿಟ್ಟುಕೊಂಡೇ ದಾಟಬೇಕು ಎನ್ನುವುದು ಈ ಆಟದ ಜೀವ. ಇದನ್ನು ಕೊಲ್ಲುವ ಹಳೆಯ ಮದ್ದು ಎಂದರೆ ಒಬ್ಬ ಮುಂದೆ, ಇಬ್ಬರು ನಡುವೆ, ಇಬ್ಬರು ಹಿಂದೆ ನಿಲ್ಲುವ ವ್ಯೂಹ. ಮುಂದಿನವನು ಪಕ್ಕನ್ನು ಕಸಿಯಲು ಹೋಗುವುದಿಲ್ಲ, ಒಂದು ಬದಿಗೆ ತಿರುಗಿಸುತ್ತಾನೆ ಅಷ್ಟೆ. ಅಲ್ಲಿ ಅಂಕಣದ ಸುತ್ತಲಿನ ಗೋಡೆಯೇ ಆರನೇ ಆಟಗಾರ. ಕೊನೆಗೆ ಡೆನ್ವರ್ ಪಕ್ಕನ್ನು ಸುಮ್ಮನೆ ಒಳಕ್ಕೆ ತಳ್ಳಿ ಅಟ್ಟಿಸಿಕೊಂಡು ಹೋಗಬೇಕಾಗುತ್ತದೆ, ಆ ಮೂಲೆಯ ಕುಸ್ತಿಯಲ್ಲಿ ದೊಡ್ಡ ಮೈಕಟ್ಟಿನ ತಂಡದ ಕೈ ಮೇಲಾಗುತ್ತದೆ.

ಸೀಸನ್ ಪಂದ್ಯಗಳಲ್ಲಿ ಹೀಗೆ ಸಿಕ್ಕಿಬಿದ್ದರೂ ಮರುದಿನವೇ ಅದೇ ಎದುರಾಳಿಯ ಜೊತೆ ಇನ್ನೊಂದು ಪಂದ್ಯ ಇರುತ್ತದೆ. ಕಾಲೇಜು ಹಾಕಿಯಲ್ಲಿ ಸಾಮಾನ್ಯವಾಗಿ ಶುಕ್ರವಾರ, ಶನಿವಾರ ಜೋಡಿ ಪಂದ್ಯ. ಟೂರ್ನಿಯಲ್ಲಿ ಹದಿನಾರು ತಂಡ, ಒಂದು ಸೋತರೆ ಮುಗಿಯಿತು. ಸರಾಸರಿ ಎಷ್ಟು ಗೋಲು ಎನ್ನುವುದು ಆಗ ಕೆಲಸಕ್ಕೆ ಬರುವುದಿಲ್ಲ. ಎರಡು ಗೋಲು ಮಾತ್ರ ಸಿಕ್ಕ ರಾತ್ರಿ ಏನು ಮಾಡುತ್ತೀರಿ ಎಂಬುದೊಂದೇ ಪ್ರಶ್ನೆ.

2024ರ ಡೆನ್ವರ್ ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡಿತ್ತು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮಾರ್ಚ್ 28ರ ಗುರುವಾರ ಮ್ಯಾಸಚೂಸೆಟ್ಸ್ ತಂಡವನ್ನು ಅದರದೇ ರಾಜ್ಯದಲ್ಲಿ ಎದುರಿಸಿ ಎರಡನೇ ಹೆಚ್ಚುವರಿ ಅವಧಿಯಲ್ಲಿ ಟ್ರಿಸ್ಟನ್ ಬ್ರಾಜ್ ಗೋಲಿನಿಂದ ಗೆದ್ದರು. ಶನಿವಾರ ಎದುರಿಗೆ ನಿಂತದ್ದು ಅದೇ ಕಾರ್ನೆಲ್. ಇಡೀ ಟೂರ್ನಿಯಲ್ಲಿ ನನ್ನ ಪಾಲಿಗೆ ತಂಡದ ಅತ್ಯುತ್ತಮ ಗೆಲುವು ಅದೇ. ಎರಡು ದಿನ ಮುಂಚೆ ನಾಲ್ಕೂ ಚಿಲ್ಲರೆ ಅವಧಿ ಆಡಿ ದಣಿದ ಕಾಲು, ಹಿಂದಿನ ವರ್ಷ ಕತ್ತು ಹಿಸುಕಿದ್ದ ಎದುರಾಳಿ, ಮತ್ತೆ ಅದೇ ಬಿಗಿ ಆಟ. ಆದರೂ 2-1. ಈ ಸಲ ಬಿಗಿ ಆಟದಲ್ಲಿ ಡೆನ್ವರ್ ಕೂಡ ಕಾರ್ನೆಲ್‌ನಷ್ಟೇ ತಾಳ್ಮೆಯಿಂದ ಆಡಿತು.

ಏನು ಬದಲಾಯಿತು? ಮೊದಲನೆಯದು ಗೋಲಿನ ಎದುರಿನ ಜಾಗ. ಐಸ್ ಹಾಕಿ ಗೋಲು ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಅದರ ಮುಂದೆ ಎರಡು ಫೇಸ್‌ಆಫ್ (ನಿಂತ ಆಟ ಮತ್ತೆ ಶುರುವಾಗುವ) ಚುಕ್ಕೆಗಳಿವೆ, ಗೋಲು ರೇಖೆಯಿಂದ 20 ಅಡಿ ದೂರ, ಒಂದಕ್ಕೊಂದು 44 ಅಡಿ ಅಂತರ. ಈ ಎರಡು ಚುಕ್ಕೆಗಳ ನಡುವಿನ ಜಾಗವನ್ನು ಸ್ಲಾಟ್ ಅನ್ನುತ್ತಾರೆ. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಹೊಡೆದ ಪಕ್ ಬ್ಲೂ ಲೈನ್ ಹತ್ತಿರದಿಂದ, ಅಂದರೆ ಸುಮಾರು 60 ಅಡಿಯಿಂದ ಬಂದರೆ, ಗೋಲ್‌ಕೀಪರ್‌ಗೆ ಅರ್ಧ ಸೆಕೆಂಡಿನ ಹತ್ತಿರ ಸಮಯ ಸಿಗುತ್ತದೆ. ಅದೇ ಹೊಡೆತ 20 ಅಡಿಯಿಂದ ಬಂದರೆ ಸೆಕೆಂಡಿನ ಆರನೇ ಒಂದು ಪಾಲು. ಇಷ್ಟರಲ್ಲಿ ಕಣ್ಣು ನೋಡಿ ಕೈ ಚಾಚುವುದು ಆಗದ ಮಾತು; ಮೊದಲೇ ಸರಿಯಾದ ಜಾಗದಲ್ಲಿ ನಿಂತಿದ್ದರೆ ಮಾತ್ರ ಪಕ್ ಮೈಗೆ ಬಡಿಯುತ್ತದೆ. ಇದಕ್ಕಿಂತ ಅಪಾಯದ್ದು ಸ್ಲಾಟ್‌ನ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುವ ಪಾಸ್. ಗೋಲ್‌ಕೀಪರ್ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಜಾರುವಾಗ ಕಾಲುಗಳ ನಡುವೆ, ತೋಳಿನ ಕೆಳಗೆ ಕಿಂಡಿ ತೆರೆದುಕೊಳ್ಳುತ್ತದೆ.

ಹಾಗಾಗಿ ಒಳ್ಳೆಯ ರಕ್ಷಣೆ ಎಂದರೆ ಹೊಡೆತಗಳ ಸಂಖ್ಯೆಯನ್ನು ಕಡಿಮೆ ಮಾಡುವುದಕ್ಕಿಂತ ಹೊಡೆತ ಎಲ್ಲಿಂದ ಬರಬೇಕು ಎಂದು ತೀರ್ಮಾನಿಸುವುದು. ಟೂರ್ನಿಯ ಡೆನ್ವರ್ ಹೊರಗಿನ ಹೊಡೆತಗಳನ್ನು ಬಿಟ್ಟುಕೊಟ್ಟು ನಡುವಿನ ಪಾಸ್‌ಗಳನ್ನು ಮುಚ್ಚಿತು. ಐವರೂ ಒಳಕ್ಕೆ ಕುಗ್ಗಿ, ಕೋಲುಗಳನ್ನು ಮಂಜುಗಡ್ಡೆಯ ಮೇಲೆ ಒತ್ತಿಟ್ಟು, ಪಾಸ್ ಹೋಗುವ ದಾರಿಯಲ್ಲಿ ನಿಲ್ಲುತ್ತಿದ್ದರು. ಕೋಲು ನೆಲದಲ್ಲಿರುವುದು ಸಣ್ಣ ವಿಷಯ ಅನ್ನಿಸಬಹುದು. ದಣಿದ ಆಟಗಾರ ಮೊದಲು ಬಿಡುವುದೇ ಅದನ್ನು. ಬೆನ್ನು ನೆಟ್ಟಗಾಗುತ್ತದೆ, ಕೋಲು ಸೊಂಟದ ಮಟ್ಟಕ್ಕೆ ಬರುತ್ತದೆ, ಕಾಲ ಬುಡದಲ್ಲೇ ಪಾಸ್ ಹಾದುಹೋಗುತ್ತದೆ. ನಿಮ್ಮ ತಂಡ ಸುಸ್ತಾಗಿದೆಯೇ ಎಂದು ತಿಳಿಯಬೇಕಾದರೆ ಓಟದ ವೇಗ ನೋಡಬೇಡಿ, ಕೋಲಿನ ತುದಿ ಎಲ್ಲಿದೆ ನೋಡಿ.

ಎರಡನೆಯದು ಗೋಲು ಯಾರಿಂದ ಬಂತು ಎನ್ನುವುದು. ಆ ವರ್ಷ ಡೆನ್ವರ್ ಎಂದರೆ ಜ್ಯಾಕ್ ಡಿವೈನ್, ಮಾಸ್ಸಿಮೊ ರಿಜ್ಜೊ, ಮತ್ತು ಮೊದಲ ವರ್ಷದ ಡಿಫೆನ್ಸ್‌ಮನ್ ಜೀವ್ ಬೂಯಮ್. ಬೂಯಮ್ 42 ಪಂದ್ಯದಲ್ಲಿ 50 ಪಾಯಿಂಟ್ (ಗೋಲು ಮತ್ತು ಗೋಲಿಗೆ ಕೊಟ್ಟ ಪಾಸ್ ಸೇರಿ) ಗಳಿಸಿದ್ದ; ಡಿಫೆನ್ಸ್‌ಮನ್ ಒಬ್ಬನಿಗೆ, ಅದೂ ಹದಿನೆಂಟು ವರ್ಷದವನಿಗೆ, ಇದು ಕಾಣಸಿಗದ ಅಂಕಿ. ಆದರೆ ಸೇಂಟ್ ಪಾಲ್‌ನ ಸೆಮಿಫೈನಲ್ ಮತ್ತು ಫೈನಲ್ ಎರಡರಲ್ಲೂ ಸೇರಿ ಬಂದ ನಾಲ್ಕು ಗೋಲುಗಳಲ್ಲಿ ಈ ಮೂವರದ್ದು ಒಂದೂ ಇಲ್ಲ. ಬೋಸ್ಟನ್ ಯೂನಿವರ್ಸಿಟಿ ವಿರುದ್ಧ ಟ್ರಿಸ್ಟನ್ ಲೆಮೀರ್ ಸಮ ಮಾಡಿದ, ಹೆಚ್ಚುವರಿ ಅವಧಿಯಲ್ಲಿ ಮತ್ತೆ ಬ್ರಾಜ್. ಫೈನಲ್‌ನಲ್ಲಿ ಜ್ಯಾರೆಡ್ ರೈಟ್, ರೀಗರ್ ಲೊರೆನ್ಜ್. ಎದುರಾಳಿ ಕೋಚ್ ತನ್ನ ಗಟ್ಟಿ ಡಿಫೆನ್ಸ್ ಜೋಡಿಯನ್ನು ಡಿವೈನ್ ಮೇಲೆ ಕಳಿಸಿದಾಗ ಉಳಿದ ಲೈನ್‌ಗಳಿಗೆ (ಒಟ್ಟಿಗೆ ಇಳಿಯುವ ಮೂವರು ಫಾರ್ವರ್ಡ್‌ಗಳ ಗುಂಪು) ಸಿಗುವುದು ಎರಡನೇ, ಮೂರನೇ ಜೋಡಿ. ಅಲ್ಲಿ ಗೋಲು ಹೊಡೆಯಬಲ್ಲವರು ಇದ್ದರೆ ಮಾತ್ರ ತಂಡಕ್ಕೆ ಆಳ ಇದೆ ಅನ್ನಬಹುದು.

ಫೈನಲ್‌ನಲ್ಲಿ ಇದಕ್ಕೆ ಇನ್ನಷ್ಟು ತೂಕ ಇತ್ತು. ಬೋಸ್ಟನ್ ಕಾಲೇಜ್ ಟೂರ್ನಿಯ ಒಂದನೇ ಶ್ರೇಯಾಂಕದ ತಂಡ, ಹಾಗಾಗಿ ಕಾಗದದ ಮೇಲೆ ಆತಿಥೇಯ. ಆಟ ನಿಂತಾಗಲೆಲ್ಲ ಡೆನ್ವರ್ ಮೊದಲು ತನ್ನ ಐವರನ್ನು ಇಳಿಸಬೇಕು, ಅದನ್ನು ನೋಡಿಕೊಂಡು ಬೋಸ್ಟನ್ ಕಾಲೇಜ್ ತನ್ನವರನ್ನು ಇಳಿಸುತ್ತದೆ. ಅವರ ಸಾಲು ನೋಡಿ: ದೇಶದಲ್ಲೇ ಹೆಚ್ಚು ಪಾಯಿಂಟ್ ಗಳಿಸಿದ ವಿಲ್ ಸ್ಮಿತ್, 38 ಗೋಲು ಹೊಡೆದು ದೇಶಕ್ಕೆ ಮೊದಲಿಗನಾದ ಕಟರ್ ಗೋಟಿಯೇ, 31 ಗೋಲಿನ ರಯಾನ್ ಲೆನರ್ಡ್, 60 ಪಾಯಿಂಟಿನ ಗೇಬ್ ಪೆರೋ. ನಾಲ್ವರೂ ಎನ್‌ಎಚ್‌ಎಲ್ ಡ್ರಾಫ್ಟ್‌ನ (ವೃತ್ತಿಪರ ಲೀಗ್ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಮೊದಲ ಸುತ್ತಿನವರು. ಇಂಥವರ ಎದುರು ತಮಗೆ ಬೇಕಾದ ಜೋಡಿಯನ್ನು ಇಳಿಸುವ ಹಕ್ಕೂ ಡೆನ್ವರ್‌ಗೆ ಇರಲಿಲ್ಲ. ಯಾರು ಇಳಿದರೂ ತಡೆಯಲೇಬೇಕು. ಆರೂ ಡಿಫೆನ್ಸ್‌ಮನ್‌ಗಳು ಅದನ್ನು ಮಾಡಿದರು.

ಡೆನ್ವರ್‌ನ ಎರಡೂ ಗೋಲು ಎರಡನೇ ಅವಧಿಯಲ್ಲಿ ಬಂದವು. ಇದಕ್ಕೊಂದು ಹಿನ್ನೆಲೆ ಇದೆ, ಹೊಸಬರು ಗಮನಿಸಲೇಬೇಕಾದದ್ದು. ಎರಡೂ ತಂಡಗಳ ಬೆಂಚು ಒಂದೇ ಬದಿಯಲ್ಲಿ, ಅಕ್ಕಪಕ್ಕ. ಅವಧಿಗೊಮ್ಮೆ ಗೋಲು ಅದಲುಬದಲು. ಮೊದಲ ಮತ್ತು ಮೂರನೇ ಅವಧಿಯಲ್ಲಿ ನೀವು ಕಾಯುವ ಗೋಲು ನಿಮ್ಮ ಬೆಂಚಿಗೆ ಹತ್ತಿರ, ಎರಡನೆಯದರಲ್ಲಿ ದೂರ. ಒಬ್ಬ ಆಟಗಾರ ಪೂರ್ತಿ ಕಸುವಿನಿಂದ ಆಡಬಲ್ಲದ್ದು ಒಂದು ಸಲಕ್ಕೆ 40ರಿಂದ 45 ಸೆಕೆಂಡು. ಆಮೇಲೆ ಬೆಂಚಿಗೆ ಹೋಗಿ ಬೇರೆಯವನು ಬರಬೇಕು. ಎರಡನೇ ಅವಧಿಯಲ್ಲಿ ನಿಮ್ಮ ವಲಯದಲ್ಲಿ ಸಿಕ್ಕಿಕೊಂಡರೆ ಬೆಂಚು ಬಹಳ ದೂರ, ಬದಲಾಗಲು ಹೋದರೆ ಹಿಂದೆ ಜಾಗ ಬಿಟ್ಟಂತೆ. ಹೀಗೆ 45 ಸೆಕೆಂಡು 80 ಆಗುತ್ತದೆ, 90 ಆಗುತ್ತದೆ, ಕಾಲು ಸೀಸದಂತಾಗುತ್ತದೆ. ಪಕ್ ಹಿಡಿದು ತಿರುಗಾಡಿಸುವ ತಂಡಕ್ಕೆ ಇದು ಸುಗ್ಗಿ. ಬೂಯಮ್‌ನಂಥವನು ಬ್ಲೂ ಲೈನ್ ಉದ್ದಕ್ಕೆ ಅತ್ತಿತ್ತ ಜಾರುತ್ತ, ಹೊಡೆಯುವಂತೆ ಭುಜ ತಿರುಗಿಸಿ ಹೊಡೆಯದೆ, ದಣಿದ ಎದುರಾಳಿಯನ್ನು ಇನ್ನೆರಡು ಹೆಜ್ಜೆ ಓಡಿಸುತ್ತಾನೆ. ಆ ಎರಡು ಹೆಜ್ಜೆಯಲ್ಲೇ ಪಾಸ್‌ಗೆ ದಾರಿ ತೆರೆಯುವುದು. ಹೆಚ್ಚುವರಿ ಮೊದಲ ಅವಧಿಯಲ್ಲೂ ಬೆಂಚು ಮತ್ತೆ ದೂರವೇ. ಬೋಸ್ಟನ್ ಯೂನಿವರ್ಸಿಟಿ ವಿರುದ್ಧ ಬ್ರಾಜ್ ಗೋಲು ಬಂದದ್ದು ಅಂಥದ್ದೇ ಅವಧಿಯಲ್ಲಿ.

ಆ ಸೆಮಿಫೈನಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎದುರಿಗಿದ್ದ ಮ್ಯಾಕ್ಲಿನ್ ಸೆಲೆಬ್ರಿನಿ ಕಾಲೇಜು ಹಾಕಿಯ ಶ್ರೇಷ್ಠ ಆಟಗಾರನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿಯ ಆ ವರ್ಷದ ವಿಜೇತ, ಅದೇ ಜೂನ್‌ನಲ್ಲಿ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆಯ್ಕೆಯಾದವನು. ಅವನಿಗೆ ಒಂದು ಗೋಲೂ ಸಿಗದಂತೆ ಆಡಿದ್ದು ಸಾಕ್ಷಿಗೆ ಸಾಕು.

ಈಗ ಫೈನಲ್‌ನ ಮೂರನೇ ಅವಧಿ. 2-0 ಮುಂದೆ. ಡೇವಿಸ್ ಆ ರಾತ್ರಿ ತಡೆದ ಹೊಡೆತ ಒಟ್ಟು 35, ಅದರಲ್ಲಿ 23 ಈ ಒಂದೇ ಅವಧಿಯಲ್ಲಿ. ಡೆನ್ವರ್ ಆ ಇಪ್ಪತ್ತು ನಿಮಿಷದಲ್ಲಿ ಹೊಡೆದದ್ದು ಬೆರಳೆಣಿಕೆಯಷ್ಟು. ಮುಂದಿರುವ ತಂಡ ಹಿಂದೆ ಸರಿಯುವುದು, ಹಿಂದಿರುವ ತಂಡ ಮುಗಿಬೀಳುವುದು ಎಲ್ಲ ಮಟ್ಟದಲ್ಲೂ ಇದ್ದದ್ದೇ. ಆದರೆ 23 ಎನ್ನುವುದು ನಿಮಿಷಕ್ಕೆ ಒಂದಕ್ಕೂ ಹೆಚ್ಚು. ಇದನ್ನು ಯೋಜನೆ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಯಾವ ಕೋಚ್ ಕೂಡ ಗೋಟಿಯೇ, ಸ್ಮಿತ್ ಇರುವ ತಂಡಕ್ಕೆ 23 ಅವಕಾಶ ಕೊಡೋಣ ಎಂದು ಬೋರ್ಡಿನ ಮೇಲೆ ಬರೆಯುವುದಿಲ್ಲ.

ಎಡವಿದ್ದು ಪಕ್ಕನ್ನು ತಮ್ಮ ವಲಯದಿಂದ ಹೊರತರುವ ಕಡೆ. ಅಲ್ಲಿ ಇರುವ ದಾರಿ ಮೂರು. ಗೋಲಿನ ಹಿಂದೆ ಪಕ್ ಹಿಡಿದ ಡಿಫೆನ್ಸ್‌ಮನ್ ಜೊತೆಗಾರನಿಗೆ ಹಿಮ್ಮುಖ ಪಾಸ್ ಕೊಡಬಹುದು; ಗೋಡೆಗುಂಟ ವಿಂಗರ್‌ಗೆ (ಬದಿಯ ಫಾರ್ವರ್ಡ್) ಕಳಿಸಬಹುದು; ಇಲ್ಲ ಗೋಡೆಯ ಮೇಲಿನ ಗಾಜಿಗೆ ಎತ್ತಿ ಹೊಡೆದು ಮಧ್ಯ ವಲಯಕ್ಕೆ ತಳ್ಳಬಹುದು. ಮೊದಲನೆಯದಕ್ಕೆ ಧೈರ್ಯ ಬೇಕು, ಸಮಯ ಬೇಕು. ಎರಡನೆಯದರಲ್ಲಿ ವಿಂಗರ್ ಗೋಡೆಗೆ ಮುಖಮಾಡಿ ಪಕ್ ಪಡೆಯುವ ಹೊತ್ತಿಗೆ ಎದುರಾಳಿ ಡಿಫೆನ್ಸ್‌ಮನ್ ಬ್ಲೂ ಲೈನ್ ಬಿಟ್ಟು ಅವನ ಬೆನ್ನ ಮೇಲೆ ಬಂದಿರುತ್ತಾನೆ. ಎರಡು ಗೋಲು ಹಿಂದಿರುವ ತಂಡಕ್ಕೆ ಹಾಗೆ ನುಗ್ಗಲು ಅಂಜಿಕೆಯೇ ಇಲ್ಲ. ಉಳಿಯುವುದು ಮೂರನೆಯದು. ಗಾಜಿಗೆ ಹೊಡೆದ ಪಕ್ ಅವರ ಕೈಗೇ ಹೋಗುತ್ತದೆ, ಹತ್ತು ಸೆಕೆಂಡಿನಲ್ಲಿ ಅವರು ಮತ್ತೆ ಒಳಗೆ.

ಇನ್ನೂ ದೂರ ಹೊಡೆದರೆ? ಅಲ್ಲಿದೆ ಐಸಿಂಗ್ ನಿಯಮ. ತನ್ನ ಅರ್ಧದಿಂದ ಹೊಡೆದ ಪಕ್ ಯಾರಿಗೂ ತಾಗದೆ ಎದುರಿನ ಗೋಲು ರೇಖೆ ದಾಟಿದರೆ ಆಟ ನಿಲ್ಲುತ್ತದೆ, ಫೇಸ್‌ಆಫ್ ನಿಮ್ಮದೇ ಗೋಲಿನ ಮುಂದೆ, ಮತ್ತು ನೀವು ಆಟಗಾರರನ್ನು ಬದಲಿಸುವಂತಿಲ್ಲ. ಎದುರಾಳಿ ಬದಲಿಸಬಹುದು. ದಣಿದ ಐವರ ಮೇಲೆ ತಾಜಾ ಐವರು. ಫೈನಲ್ 2-0ಕ್ಕೇ ನಿಂತದ್ದಕ್ಕೂ ಇದೇ ಕಾರಣ ಇರಬೇಕು. ಕೊನೆಯಲ್ಲಿ ಬೋಸ್ಟನ್ ಕಾಲೇಜ್ ಗೋಲ್‌ಕೀಪರ್ ಜೇಕಬ್ ಫೌಲರ್‌ನನ್ನು ಹೊರಕ್ಕೆ ಕರೆದು ಆರನೇ ಆಟಗಾರನನ್ನು ಇಳಿಸಿದಾಗಲೂ ಡೆನ್ವರ್‌ಗೆ ಖಾಲಿ ಗೋಲು ಹೊಡೆಯಲು ಆಗಲಿಲ್ಲ. 180 ಅಡಿ ದೂರದ ಆರು ಅಡಿ ಅಗಲಕ್ಕೆ ಗುರಿಯಿಟ್ಟು ತಪ್ಪಿದರೆ ಐಸಿಂಗ್. ಆ ಜೂಜು ಆಡದೆ ಸಣ್ಣಗೆ ಹೊರತಳ್ಳಿದ್ದು ಸರಿಯಾದ ನಿರ್ಧಾರವೇ, ಆದರೆ ಒತ್ತಡ ಇಳಿಯಲಿಲ್ಲ.

ಪೆನಾಲ್ಟಿಯ ಹೊತ್ತಿನಲ್ಲಿ ಮಾತ್ರ ಐಸಿಂಗ್ ಇಲ್ಲ, ಒಬ್ಬ ಕಡಿಮೆ ಇರುವ ತಂಡ ಎಷ್ಟು ದೂರಕ್ಕಾದರೂ ಹೊಡೆಯಬಹುದು. ಕೊಡಗಿನ ಹಾಕಿ ಮೈದಾನಗಳಲ್ಲಿ ಬೆಳೆದ ಓದುಗರಿಗೆ ಇಲ್ಲೊಂದು ವ್ಯತ್ಯಾಸ ಹೇಳಬೇಕು. ಮೈದಾನದ ಹಾಕಿಯಲ್ಲಿ ಹಸಿರು ಕಾರ್ಡ್ ಸಿಕ್ಕವನು ಎರಡು ನಿಮಿಷ ಹೊರಗೆ, ಮಧ್ಯೆ ಗೋಲಾದರೂ ಆ ಎರಡು ನಿಮಿಷ ತುಂಬಲೇಬೇಕು. ಐಸ್ ಹಾಕಿಯಲ್ಲಿ ಎರಡು ನಿಮಿಷದ ಪೆನಾಲ್ಟಿ ನಡೆಯುವಾಗ ಎದುರಾಳಿ ಗೋಲು ಹೊಡೆದರೆ ಹೊರಗಿದ್ದವನು ಕೂಡಲೇ ಮರಳುತ್ತಾನೆ. ಐದು ನಿಮಿಷದ ದೊಡ್ಡ ಪೆನಾಲ್ಟಿಗೆ ಈ ರಿಯಾಯಿತಿ ಇಲ್ಲ. ಹನ್ನೊಂದರಲ್ಲಿ ಒಬ್ಬ ಹೋಗುವುದಕ್ಕೂ ಐವರಲ್ಲಿ ಒಬ್ಬ ಹೋಗುವುದಕ್ಕೂ ಅಜಗಜಾಂತರ. ಪವರ್ ಪ್ಲೇ, ಅಂದರೆ ಎದುರಾಳಿಗೆ ಒಬ್ಬ ಕಡಿಮೆ ಇರುವ ಹೊತ್ತಿನ ಆಟ, ಐಸ್ ಹಾಕಿಯಲ್ಲಿ ಪಂದ್ಯ ತಿರುಗಿಸುವುದು ಅದಕ್ಕೇ.

ಬೋಸ್ಟನ್ ಕಾಲೇಜ್‌ನ ಪವರ್ ಪ್ಲೇ ಎಂದರೆ ಆ ವರ್ಷ ಎಲ್ಲರೂ ಹೆದರುವಂಥದ್ದು. ಫೈನಲ್‌ನಲ್ಲಿ ಒಂದೂ ಫಲಿಸಲಿಲ್ಲ. ಇಲ್ಲಿ ಪೂರ್ತಿ ಅಂಕ ಡೆನ್ವರ್‌ಗೆ ಕೊಡುತ್ತೇನೆ. ನಾಲ್ವರು ಚೌಕವಾಗಿ ನಿಂತರೆ ಸ್ಲಾಟ್‌ನ ನಡುವೆ ನಿಂತವನಿಗೆ ಜಾಗ ಸಿಗುತ್ತದೆ; ವಜ್ರಾಕಾರದಲ್ಲಿ ನಿಂತರೆ ಗೋಲಿನ ಬದಿಗಳು ತೆರೆಯುತ್ತವೆ. ಒಂದೇ ಆಕಾರಕ್ಕೆ ಅಂಟಿಕೊಂಡವರನ್ನು ಸ್ಮಿತ್‌ನಂಥ ಪಾಸ್‌ಗಾರ ಎರಡೇ ಪಾಸ್‌ನಲ್ಲಿ ಬಿಡಿಸಿಹಾಕುತ್ತಾನೆ. ಪಕ್ ಎಲ್ಲಿದೆ ಎನ್ನುವುದನ್ನು ನೋಡಿ ಆಕಾರ ಬದಲಿಸುವುದು, ಎದುರಾಳಿ ಬೆನ್ನು ತಿರುಗಿಸಿದ ಕ್ಷಣದಲ್ಲಿ ಮಾತ್ರ ಮೈಮೇಲೆ ಹೋಗುವುದು, ಅವನು ತಲೆಯೆತ್ತಿದ ಕೂಡಲೇ ಹಿಂದೆ ಸರಿಯುವುದು: ಈ ಕೆಲಸ ಹೇಳಲು ಸುಲಭ, ಎರಡು ನಿಮಿಷ ಬಿಡದೆ ಮಾಡುವುದು ಬಹಳ ಕಷ್ಟ. 2004ರ ಫೈನಲ್‌ನಲ್ಲಿ ಮೇನ್ ವಿರುದ್ಧ 1-0 ಮುಂದಿದ್ದಾಗ ಕೊನೆಯ ಒಂದೂವರೆ ನಿಮಿಷ ಆರು ಜನರ ಎದುರು ಮೂವರೇ ನಿಂತು ಗೆದ್ದ ಡೆನ್ವರ್ ತಂಡವನ್ನು ಹಳೆಯ ಅಭಿಮಾನಿಗಳು ಇಂದಿಗೂ ನೆನೆಯುತ್ತಾರೆ. ಆ ಶಾಲೆಯಲ್ಲಿ ಈ ವಿದ್ಯೆಗೆ ಪರಂಪರೆ ಇದೆ.

ಡೇವಿಸ್ ವಿಷಯಕ್ಕೆ ಬರುತ್ತೇನೆ. ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಹುಡುಗ, ಈಗಿನ ಕಾಲದ ಗೋಲ್‌ಕೀಪರ್‌ಗಳ ನಡುವೆ ದೈತ್ಯನಲ್ಲ. ದೊಡ್ಡ ದೇಹದವನು ಮೊಣಕಾಲೂರಿ ಕೂತರೂ ಭುಜದ ಮೇಲೆ ಜಾಗ ಉಳಿಯುವುದಿಲ್ಲ, ಇವನಿಗೆ ಉಳಿಯುತ್ತದೆ. ಅದನ್ನು ತುಂಬಲು ಒಂದೆರಡು ಅಡಿ ಮುಂದೆ ಬಂದು ಕೋನ ಕಿರಿದು ಮಾಡಬೇಕು. ಮುಂದೆ ಬಂದರೆ ಬದಿಗೆ ಜಾರಬೇಕಾದ ದೂರ ಹೆಚ್ಚುತ್ತದೆ. ಸ್ಲಾಟ್ ದಾಟುವ ಪಾಸ್‌ಗಳನ್ನು ಮುಂದಿನ ಐವರು ಮುಚ್ಚಿದ್ದರಿಂದಲೇ ಅವನು ಧೈರ್ಯವಾಗಿ ಮುಂದೆ ಬರಲು ಸಾಧ್ಯವಾಯಿತು. ಅವನ ಆಟವನ್ನು ತಂಡದ ಆಟದಿಂದ ಬೇರೆ ಮಾಡಿ ನೋಡಬಾರದು ಎನ್ನುವುದು ಇದಕ್ಕೇ. ಆದರೂ ಐವರ ವ್ಯೂಹ ಒಡೆದ ಗಳಿಗೆಗಳು ಆ ಅವಧಿಯಲ್ಲಿ ಬಂದವು, ಆಗ ಉಳಿಸಿದ್ದು ಅವನ ಕಾಲಿನ ವೇಗ ಮಾತ್ರ. ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಅವನಿಗೆ ಬಂದದ್ದು ನ್ಯಾಯ.

ತಡೆದ ಮೇಲೆ ಪಕ್ ಎಲ್ಲಿಗೆ ಹೋಯಿತು ಎನ್ನುವುದನ್ನೂ ನೋಡಬೇಕು. ಕಾಲಿನ ಪ್ಯಾಡಿಗೆ ಬಡಿದ ಪಕ್ ನೇರ ಮುಂದಕ್ಕೆ ಸಿಡಿದರೆ ಎರಡನೇ ಹೊಡೆತ ಖಚಿತ. ಒಳ್ಳೆಯವನು ಪ್ಯಾಡನ್ನು ಓರೆ ಹಿಡಿದು ಮೂಲೆಗೆ ತಿರುಗಿಸುತ್ತಾನೆ, ಎದೆಗೆ ಬಂದದ್ದನ್ನು ಅಪ್ಪಿಕೊಂಡು ಆಟ ನಿಲ್ಲಿಸುತ್ತಾನೆ. ದಣಿದ ತಂಡಕ್ಕೆ ಹಾಗೆ ಸಿಕ್ಕ ಒಂದೊಂದು ಸೀಟಿಯೂ ಅಮೂಲ್ಯ, ಏಕೆಂದರೆ ಗೋಲ್‌ಕೀಪರ್ ಹಿಡಿದು ಆಟ ನಿಂತರೆ ಐವರನ್ನೂ ಬದಲಿಸಬಹುದು. ಐಸಿಂಗ್‌ನಿಂದ ನಿಂತರೆ ಇಲ್ಲ.

ಡೆನ್ವರ್ ನಗರ 1,600 ಮೀಟರ್ ಎತ್ತರದಲ್ಲಿದೆ, ತೆಳು ಗಾಳಿಯಲ್ಲಿ ಅಭ್ಯಾಸ ಮಾಡಿದವರಿಗೆ ಹೆಚ್ಚುವರಿ ಅವಧಿಗಳಲ್ಲಿ ದಮ್ಮು ಜಾಸ್ತಿ ಎನ್ನುವ ಮಾತೂ ಇದೆ. ಡೆನ್ವರ್‌ನ ತವರು ಅಂಕಣ ಮ್ಯಾಗ್ನೆಸ್ ಅರೀನಾಕ್ಕೆ ಹೊರಗಿನಿಂದ ಬಂದ ತಂಡಗಳು ಏದುಸಿರು ಬಿಡುವುದು ನಿಜ. ಆದರೆ ದಮ್ಮೇ ಕಾರಣವಾಗಿದ್ದರೆ ಫೈನಲ್‌ನ ಮೂರನೇ ಅವಧಿ ಹಾಗಿರುತ್ತಿರಲಿಲ್ಲ.

ಬಾಕಿ ಉಳಿದ ಪಾಠ ಮುಂದಿನ ವರ್ಷ ಬೆಲೆ ಕೇಳಿತು. ಬ್ರಾಜ್, ರಿಜ್ಜೊ, ಶಾನ್ ಬೆಹ್ರೆನ್ಸ್, ಜೀವ್‌ನ ಅಣ್ಣ ಶೈ ಬೂಯಮ್ ವೃತ್ತಿಪರ ಹಾಕಿಗೆ ಹೋದರು. ಡೇವಿಸ್, ಡಿವೈನ್, ಜೀವ್ ಉಳಿದರು, ತಂಡ ಮತ್ತೆ ಕೊನೆಯ ನಾಲ್ಕಕ್ಕೆ ಬಂತು. ಆದರೆ ವೆಸ್ಟರ್ನ್ ಮಿಷಿಗನ್ ಎದುರು ಮೊದಲು ಎನ್‌ಸಿಎಚ್‌ಸಿ (ಡೆನ್ವರ್ ಆಡುವ ಲೀಗ್) ಫೈನಲ್‌ನಲ್ಲಿ, ಆಮೇಲೆ 2025ರ ಏಪ್ರಿಲ್ 10ರಂದು ಸೇಂಟ್ ಲೂಯಿಸ್‌ನ ಸೆಮಿಫೈನಲ್‌ನಲ್ಲಿ, ಎರಡು ಸಲವೂ ಎರಡನೇ ಹೆಚ್ಚುವರಿ ಅವಧಿಯಲ್ಲಿ ಸೋಲು. ಸೆಮಿಫೈನಲ್‌ನಲ್ಲಿ ಎರಡು ಗೋಲು ಹಿಂದಿದ್ದು ಸಮ ಮಾಡಿಕೊಂಡ ಹುಮ್ಮಸ್ಸು ಮೆಚ್ಚುವಂಥದ್ದು, ಕೊನೆಗೆ 3-2. ವೆಸ್ಟರ್ನ್ ಮಿಷಿಗನ್ ಫೈನಲ್‌ನಲ್ಲಿ ಬೋಸ್ಟನ್ ಯೂನಿವರ್ಸಿಟಿಯನ್ನು 6-2ರಿಂದ ಸೋಲಿಸಿ ತನ್ನ ಮೊದಲ ಪ್ರಶಸ್ತಿ ಗೆದ್ದಿತು. ಅದು ಮೈಮೇಲೆ ಬಿದ್ದು ಆಡುವ ತಂಡ. ಗೋಡೆಯ ಬದಿಯಲ್ಲಿ ವಿಂಗರ್ ಬೆನ್ನು ಹತ್ತುವುದು, ಗಾಜಿಗೆ ಹೊಡೆಯುವಂತೆ ಒತ್ತುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಸೇಂಟ್ ಪಾಲ್‌ನಲ್ಲಿ ಕಂಡ ದೌರ್ಬಲ್ಯವನ್ನೇ ಅವರು ಎರಡು ರಾತ್ರಿ ಹಿಂಡಿದರು.

ಹಾಗಾದರೆ 32 ಗೆಲುವು, 9 ಸೋಲು, 3 ಡ್ರಾ ಮತ್ತು ಒಂದು ಕಪ್‌ನ ಆ ತಂಡಕ್ಕೆ ಎಷ್ಟು ಅಂಕ? ರಕ್ಷಣಾ ವ್ಯೂಹಕ್ಕೆ, ಒಬ್ಬ ಕಡಿಮೆ ಇದ್ದಾಗಿನ ಆಟಕ್ಕೆ, ಎರಡನೇ ಸಾಲಿನವರ ಗೋಲಿಗೆ ಯಾವ ಕೊರತೆಯೂ ಇಲ್ಲದೆ ಕೊಡುತ್ತೇನೆ. ಪಕ್ಕನ್ನು ಹೊರತರುವ ಆಟಕ್ಕೆ ಅರ್ಧಕ್ಕಿಂತ ಹೆಚ್ಚು ಕೊಡಲಾರೆ, ಮತ್ತು ಅದು ಸರಿಹೋಗಬೇಕಾದರೆ ಡಿಫೆನ್ಸ್‌ಮನ್‌ಗಳಷ್ಟೇ ಮುಖ್ಯವಾಗಿ ಸೆಂಟರ್ ಆಡುವವರು ಇನ್ನೂ ಕೆಳಕ್ಕೆ, ಗೋಲಿನ ಬದಿಯ ತನಕ ಇಳಿದು ಪಾಸ್‌ಗೆ ಮುಖ ಕೊಡಬೇಕು. 2025ರ ಆಗಸ್ಟ್‌ನಿಂದ ಕೆನಡಾದ ಜೂನಿಯರ್ ಲೀಗ್‌ಗಳ ಆಟಗಾರರಿಗೂ ಎನ್‌ಸಿಎಎ ಬಾಗಿಲು ತೆರೆದಿದೆ. ಆ ಲೀಗ್‌ಗಳಲ್ಲಿ ಅರವತ್ತಕ್ಕೂ ಹೆಚ್ಚು ಪಂದ್ಯದ ಸೀಸನ್ ಆಡಿ ಪಳಗಿದವರು ಎಲ್ಲ ತಂಡಗಳಿಗೂ ಬರುತ್ತಿದ್ದಾರೆ, ಗೋಡೆಯ ಬದಿಯ ಒತ್ತಡ ಇನ್ನು ಹೆಚ್ಚೇ ಆಗುತ್ತದೆ. ಡೆನ್ವರ್ ಆಟ ನೋಡಲು ಕೂತಾಗ ಮುಂದಿರುವ ಹೊತ್ತಿನ ಮೂರನೇ ಅವಧಿಯಲ್ಲಿ ಪಕ್ ಹೇಗೆ ಹೊರಗೆ ಬರುತ್ತದೆ ಎಂದು ಎಣಿಸಿ: ಕೋಲಿನಿಂದ ಕೋಲಿಗೆ ಎಷ್ಟು ಸಲ, ಗಾಜಿಗೆ ಎಷ್ಟು ಸಲ.